ಕಂಬಕ್ಕೆ ಬೆನ್ನು ಮಾಡಿದ ಹಕ್ಕಿ

ಮನೆಯಿಂದ,
ಶುಕ್ರವಾರ, ಬೆಳಿಗ್ಗೆ

ಪ್ರೀತಿಯ ತಂಗೀ,

ನಿನಗೆ ಕಾಗದ ಬರೆದು ಯಾವ ಕಾಲವಾಯಿತೋ. ಫೋನಿನಲ್ಲಿ ನನ್ನ ಮಂಡಿನೋವು, ನಿನ್ನ ಸಕ್ಕರೆ ಕಾಯಿಲೆ ಎಲ್ಲ ವಾರ ತಪ್ಪದೆ ಮಾತಾಡುತ್ತೇವೆ. ಆದರೆ ಇವತ್ತು ಹೇಳಬೇಕಾದದ್ದನ್ನು ಫೋನಿನಲ್ಲಿ ಹೇಳಲಾರೆ. ಹೇಳಲು ಶುರು ಮಾಡಿದರೆ ನೀನು ನಡುವೆ ಬಾಯಿ ಹಾಕಿ, ಹೋಗಲಿ ಬಿಡಕ್ಕ ಅನ್ನುತ್ತೀಯ. ಆ ಮಾತು ಕೇಳುವುದು ನನಗೆ ಬೇಕಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಪಟ್ಟ ಇದ್ದರೆ ನಗಬೇಡ. ಅಕ್ಷರ ಚೆಂದವಿದ್ದದ್ದು ಯಾವತ್ತಿಗೂ ನಿನ್ನದೇ.

ಮೊನ್ನೆ ಬುಧವಾರ ಮ್ಯೂಸಿಯಮ್ಮಿನಿಂದ ಒಬ್ಬ ಹೆಂಗಸು ಬಂದಿದ್ದಳು. ಹಳೇ ಬಟ್ಟೆಗಳನ್ನು ಜೋಪಾನ ಮಾಡುವುದು ಅವಳ ಕೆಲಸವಂತೆ. ಮುಂದಿನ ತಿಂಗಳು ಹೊಸ ಕಟ್ಟಡ ತೆರೆಯುವಾಗ ನಮ್ಮ ದೇಶದ ಮೊದಲ ಬಾವುಟವನ್ನು ಗಾಜಿನೊಳಗೆ ಇಡುತ್ತಾರೆ, ನಿನ್ನನ್ನು ವೇದಿಕೆಗೆ ಕರೆದು ಸನ್ಮಾನ ಮಾಡುತ್ತಾರೆ ಅಂತ ಅವಳೇ ಹೇಳಿದಳು. ನೀನು ನನಗೆ ಹೇಳಿರಲಿಲ್ಲ. ಹೇಳಿದರೆ ನನ್ನ ಮುಖ ಹೇಗಾಗುತ್ತದೆ ಅಂತ ಫೋನಿನಲ್ಲೂ ನಿನಗೆ ಕಾಣುತ್ತದೆ ಅನಿಸುತ್ತದೆ.

ಅವಳು ಚೀಲದಿಂದ ಒಂದು ದೊಡ್ಡ ಫೋಟೋ ತೆಗೆದು ಮೇಜಿನ ಮೇಲೆ ಹರಡಿದಳು. ಬಾವುಟದ ಹಿಂದೆ ದೀಪವಿಟ್ಟು ತೆಗೆದದ್ದು. ನೀಲಿ ಬಟ್ಟೆಯ ನಡುವೆ ನಮ್ಮ ಹಕ್ಕಿ, ಎಲ್ಲರೂ ನೋಡಿರುವ ಹಾಗೇ, ಕಂಬಕ್ಕೆ ಬೆನ್ನು ಮಾಡಿ ಹಾರುತ್ತಿದೆ. ಅದರ ಸುತ್ತ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳ ಸಾಲು. ಅವಳು ಪೆನ್ನಿನ ತುದಿಯಿಂದ ಆ ಚುಕ್ಕೆಗಳ ಮೇಲೆ ಹೋದಳು. ಇನ್ನೊಂದು ಹಕ್ಕಿಯ ಆಕಾರ ಬಂತು. ಅದೇ ರೆಕ್ಕೆ, ಅದೇ ಕೊಕ್ಕು, ಆದರೆ ಮುಖ ಕಂಬದ ಕಡೆಗೆ.

"ಇವು ಸೂಜಿ ತೂತು ಅಮ್ಮಾ. ಮೊದಲು ಒಂದು ಕಡೆಗೆ ಹೊಲಿದು, ಆಮೇಲೆ ಬಿಚ್ಚಿ ತಿರುಗಿಸಿದ್ದಾರೆ. ಬಿಚ್ಚಿದ ಕೈ ಮಾತ್ರ ಅದ್ಭುತ, ಒಂದು ಎಳೆಯೂ ಹರಿದಿಲ್ಲ," ಅಂದಳು.

ತಂಗೀ, ಆ ಬಾವುಟದ ವಿಷಯದಲ್ಲಿ ನಲವತ್ತೊಂದು ವರ್ಷದಲ್ಲಿ ಒಬ್ಬರು ನನ್ನ ಕೈಯನ್ನು ಹೊಗಳಿದ್ದು ಅದೇ ಮೊದಲು. ಹೊಗಳಿದ್ದು ನಾನು ಮಾಡಿದ ಕೇಡನ್ನು. ಆದರೂ ಒಳಗೊಳಗೇ ಹಿಗ್ಗಿದೆ. ನಾಚಿಕೆಗೆಟ್ಟವಳು ಅಂದುಕೋ.

ಯಾರು ತಿರುಗಿಸಿದ್ದು, ಯಾಕೆ ಅಂತ ಮೊದಲು ನಿನ್ನನ್ನೇ ಕೇಳಿದಳಂತೆ. ಅದನ್ನ ಅಕ್ಕನ್ನ ಕೇಳಿ, ಅವಳು ಏನು ಹೇಳ್ತಾಳೋ ಅದೇ ಸರಿ ಅಂದೆಯಂತೆ. ಹಾಗಾದರೆ ನಿನಗೆ ಗೊತ್ತು. ಮೊದಲ ದಿನದಿಂದಲೇ ಗೊತ್ತು. ಗೊತ್ತಿದ್ದೂ ನನ್ನ ಮಗಳ ಮದುವೆಯಲ್ಲಿ ಓಡಾಡಿದೆ, ಅಮ್ಮ ಹೋದಾಗ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಒಂದು ಸಲವೂ ಬಾಯಿ ಬಿಡಲಿಲ್ಲ.

ಸರಿ, ನಾನೇ ಬಿಡುತ್ತೇನೆ. ಮೊದಲಿನಿಂದ ಹೇಳಬೇಕು, ಇಲ್ಲದಿದ್ದರೆ ನಾನು ಸುಮ್ಮನೆ ಕೆಟ್ಟವಳಾಗಿ ಕಾಣುತ್ತೇನೆ.

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು, ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಪರದೇಶಿ ಸರ್ಕಾರದ ಬಾವುಟ ಹೊಲಿಯುತ್ತಿದ್ದರು. ನನ್ನ ಕೈಗೂ ಒಂದು ಸಲ ಅಪ್ಪ ಬ್ರಷ್ಷು ಕೊಟ್ಟಿದ್ದರು. ಒಂದು ಗೆರೆ ಎಳೆದೆ, ಅದು ನಡುಗಿತು. ನೀನು ಎಳೆದೆ, ಅದು ನೂಲು ಹಿಡಿದ ಹಾಗೆ ಬಂತು. ನಿನಗಾಗ ಆರು ವರ್ಷ, ನನಗೆ ಹತ್ತು. ಅವತ್ತಿನಿಂದ ನೀನು ಅಪ್ಪನ ಪೆನ್ಸಿಲ್ಲು, ನಾನು ಅಮ್ಮನ ಜೊತೆಯವಳು. ಅಪ್ಪ ನನಗೆ ಬೈದದ್ದೇನೂ ಇಲ್ಲ. ಮತ್ತೆ ಬ್ರಷ್ಷು ಕೊಡಲಿಲ್ಲ, ಅಷ್ಟೆ. ಅಮ್ಮನ ಕಣ್ಣು ಮಂಜಾದಾಗ ಅವರ ಮೆಷಿನ್ನಿನ ಮುಂದೆ ನಾನು ಕೂತೆ, ಹದಿನೈದಕ್ಕೆ. ನೀನು ಚಿತ್ರಕಲೆ ಶಾಲೆಗೆ ಹೋದೆ. ನೀನು ಹೋಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಿಗ್ಗೆ ಒಂದೇ ಹೊತ್ತಿಗೆ ಇಬ್ಬರೂ ಹೊಸಲು ದಾಟುತ್ತಿದ್ದೆವು. ನಿನ್ನ ಕೈಯಲ್ಲಿ ಬಣ್ಣದ ಪೆಟ್ಟಿಗೆ, ನನ್ನ ಕೈಯಲ್ಲಿ ಊಟದ ಡಬ್ಬಿ. ಅಪ್ಪ ಬಾಗಿಲಲ್ಲಿ ನಿಂತು ನಿನ್ನನ್ನೇ ನೋಡುತ್ತಿದ್ದರು.

ನಿನ್ನ ಬಟ್ಟೆ ಚೀಲದ ಜೇಬು ಹರಿದದ್ದು ನೆನಪಿದೆಯಾ? ಹೊಸದು ಬೇಕು ಅಂತ ರಚ್ಚೆ ಹಿಡಿದಿದ್ದೆ. ನಾನು ಕಾರ್ಖಾನೆಯ ಚೂರು ಬಟ್ಟೆಯಿಂದ ಒಂದು ಬಿಳಿ ಹಕ್ಕಿ ಕತ್ತರಿಸಿ, ಹರಿದ ಜಾಗದ ಮೇಲೆ ಕೂರಿಸಿ ಹೊಲಿದುಕೊಟ್ಟೆ. ಒಂದು ರೆಕ್ಕೆ ಉದ್ದ, ಒಂದು ಗಿಡ್ಡ. ಹರಿದದ್ದು ಹಾಗೇ ಇತ್ತು, ಮುಚ್ಚಬೇಕಿತ್ತಲ್ಲ. ಮೂರು ವರ್ಷ ಆ ಚೀಲ ಹೊತ್ತು ತಿರುಗಿದೆ ನೀನು.

ಆಮೇಲೆ ಪರದೇಶಿಯವರು ಹೋದರು. ಹೊಸ ಬಾವುಟಕ್ಕೆ ಚಿತ್ರ ಕಳಿಸಿ ಅಂತ ಪತ್ರಿಕೆಯಲ್ಲಿ ಬಂತು. ಊರಿಗೆ ಊರೇ ಬಿಡಿಸಿತು. ಸಿಂಹ, ಕತ್ತಿ, ನಕ್ಷತ್ರ, ನೇಗಿಲು, ಮುಷ್ಟಿ. ಒಂದು ಪಕ್ಷದವರಿಗೆ ಹಸಿರು ಬೇಕು, ಇನ್ನೊಂದಕ್ಕೆ ಹಸಿರು ಕಂಡರೆ ಆಗದು. ಸಮಿತಿಯವರು ಐದು ತಿಂಗಳು ಕಿತ್ತಾಡಿ ಕೊನೆಗೆ ಆರಿಸಿದ್ದು ನಿನ್ನದನ್ನು. ಮೇಲೆ ಎರಡು ಪಾಲು ನೀಲಿ, ಕೆಳಗೆ ಒಂದು ಪಾಲು ಇಟ್ಟಿಗೆ ಕೆಂಪು, ನೀಲಿಯ ನಡುವೆ ಬಿಳಿ ಹಕ್ಕಿ. ಯಾವ ಪಕ್ಷದ ಬಾವುಟದಲ್ಲೂ ಹಕ್ಕಿ ಇರಲಿಲ್ಲ, ಹಾಗಾಗಿ ಯಾರೂ ಇದು ಅವರದು ಅಂತ ಜಗಳ ತೆಗೆಯುವ ಹಾಗಿರಲಿಲ್ಲ. ಪತ್ರಿಕೆಯ ಮುಖಪುಟದಲ್ಲಿ ಚಿತ್ರ ನೋಡಿದೆ. ಒಂದು ರೆಕ್ಕೆ ಉದ್ದ, ಒಂದು ಗಿಡ್ಡ. ನನ್ನ ಎದೆ ಝಲ್ಲೆಂದಿತು. ಸಂತೋಷಕ್ಕೇ ತಂಗೀ, ಆಣೆ ಮಾಡಿ ಹೇಳುತ್ತೇನೆ. ನನ್ನ ಹಕ್ಕಿ ಬಾವುಟವಾಯಿತು ಅಂತ ಅಂದುಕೊಂಡೆ. ಯಾರ ಹತ್ತಿರವೂ ಹೇಳಲಿಲ್ಲ. ನೀನೇ ಹೇಳುತ್ತೀಯ ಅಂತ ಕಾದೆ.

ಆ ಮಂಗಳವಾರ ಮಧ್ಯಾಹ್ನ ರೇಡಿಯೋದಲ್ಲಿ ನಿನ್ನ ಸಂದರ್ಶನ. ಕಾರ್ಖಾನೆಯ ಮೇಸ್ತ್ರಿ ನಲವತ್ತು ಮೆಷಿನ್ನುಗಳನ್ನೂ ನಿಲ್ಲಿಸಿದ. ಎಲ್ಲರೂ ನನ್ನ ಸುತ್ತ ಬಂದು ಕೂತರು, ನಾನು ಮದುಮಗಳ ಹಾಗೆ ನಡುವೆ. ಹಕ್ಕಿ ಎಲ್ಲಿಂದ ಬಂತು ಅಂತ ರೇಡಿಯೋದವರು ಕೇಳಿದರು. ಚಿಕ್ಕವಳಿದ್ದಾಗ ಮನೆ ಹತ್ತಿರದ ಕೆರೆಯಲ್ಲಿ ಹಕ್ಕಿಗಳನ್ನು ನೋಡುತ್ತಾ ಕೂರುತ್ತಿದ್ದೆ ಅಂದೆ ನೀನು. ನಮ್ಮ ಮನೆ ಹತ್ತಿರ ಕೆರೆ ಎಲ್ಲಿತ್ತೇ? ಇದ್ದದ್ದು ಬಸ್ ಡಿಪೋ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಕೈ ಹೊಡೆಯುತ್ತಿತ್ತು, ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಎರಡು ವಾರಕ್ಕೆ ಮೊದಲ ಬಾವುಟ ಹೊಲಿಯುವ ಕೆಲಸ ನಮ್ಮ ಕಾರ್ಖಾನೆಗೆ ಬಂತು. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಮೇಸ್ತ್ರಿ ಒಂದು ಕ್ಷಣವೂ ಯೋಚಿಸದೆ ನನಗೆ ಕೊಟ್ಟ. ತಂಗಿಯದು ಅಂತಲ್ಲ, ಅಂಥ ಉದ್ದದ ಹೊಲಿಗೆ ಸುಕ್ಕಿಲ್ಲದೆ ಹಾಕುವವರು ಅಲ್ಲಿ ನಾನೊಬ್ಬಳೇ. ಕೆಂಪು ಬಣ್ಣ ಬಿಡುತ್ತದೋ ಅಂತ ಉಪ್ಪು ನೀರಿನಲ್ಲಿ ಮೂರು ಸಲ ನೆನೆಸಿ ನೋಡಿದೆ. ಹಕ್ಕಿ ಎರಡು ಬೇಕು, ಮುಂದಕ್ಕೊಂದು ಹಿಂದಕ್ಕೊಂದು, ನಡುವೆ ನೀಲಿ ಬಟ್ಟೆ. ನಕ್ಷೆಯ ಮೂಲೆಯಲ್ಲಿ ಸಮಿತಿಯ ಕಾರ್ಯದರ್ಶಿ ಕೆಂಪು ಶಾಯಿಯಲ್ಲಿ ಬರೆದಿದ್ದ: ಕೊಕ್ಕು ಕಂಬದ ಕಡೆಗೇ ಇರಬೇಕು, ಬಾವುಟ ಹಿಡಿದು ಮುಂದೆ ನಡೆದರೆ ಹಕ್ಕಿಯೂ ಮುಂದೆ ನೋಡಬೇಕು. ಹಾಗೇ ಹೊಲಿದೆ. ನಾಲ್ಕು ದಿನ ಯಾರನ್ನೂ ಆ ಬಟ್ಟೆ ಮುಟ್ಟಲು ಬಿಡಲಿಲ್ಲ. ಎಷ್ಟು ಹೊಟ್ಟೆ ಉರಿದರೂ ಕೆಲಸದಲ್ಲಿ ಮೋಸ ಮಾಡುವ ಯೋಚನೆ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ. ಇದನ್ನು ನೀನು ನಂಬಬೇಕು.

ಹಾರಿಸುವ ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ನೀವೆಲ್ಲ ನೋಡಲು ಬಂದಿರಿ. ಸಮಿತಿಯ ಅಧ್ಯಕ್ಷರು, ಕಾರ್ಯದರ್ಶಿ, ಫೋಟೋದವನು, ನೀನು. ನೀನು ಬೂದು ಬಣ್ಣದ ಹೊಸ ಕೋಟು ಹಾಕಿದ್ದೆ. ನಾವೆಲ್ಲ ಎದ್ದು ನಿಂತೆವು. ನಾನೂ ನಿಂತೆ, ನಿನಗೆ. ಅಧ್ಯಕ್ಷರು ಹೊಲಿಗೆಯ ಮೇಲೆ ಕೈಯಾಡಿಸಿ, ಯಾರು ಹೊಲಿದದ್ದು ಅಂತ ಕೇಳಿದರು. ನೀನು ನನ್ನ ಕಡೆ ಕೈ ತೋರಿಸಿದೆ.

"ಇವರೇ ಸರ್. ಇಲ್ಲಿನ ಹಿರಿಯ ಟೈಲರ್."

ಅದರ ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ಅವರು ತಲೆಯಾಡಿಸಿ ಮುಂದೆ ಹೋದರು, ನೀನು ಅವರ ಹಿಂದೆ ಹೋದೆ. ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿದೆಯೋ ಇಲ್ಲವೋ ಗೊತ್ತಿಲ್ಲ, ನಾನು ನೆಲ ನೋಡುತ್ತಿದ್ದೆ. ನಿನಗೂ ಏನೋ ಕಾರಣ ಇದ್ದಿರಬಹುದು. ಕೋಟಿನವರ ನಡುವೆ ನಿಂತಾಗ ಅಕ್ಕ ಕಾರ್ಖಾನೆಯವಳು ಅನ್ನಲು ನಾಲಿಗೆ ತಡವರಿಸಿತೇನೋ. ನಿನಗಾಗ ಇಪ್ಪತ್ನಾಲ್ಕು. ನಾನು ಇಷ್ಟು ವರ್ಷ ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ನಾನು ಡಬ್ಬಿ ತೆರೆಯಲಿಲ್ಲ. ಬ್ಲೇಡು ತೆಗೆದುಕೊಂಡು ಹಕ್ಕಿಯ ಹೊಲಿಗೆ ಬಿಚ್ಚಲು ಕೂತೆ. ಕೋಪದಲ್ಲಿ ಹರಿದುಹಾಕಿದೆ ಅಂದುಕೊಳ್ಳಬೇಡ. ಒಂದೊಂದೇ ಹೊಲಿಗೆ, ಒಂದೊಂದೇ ಎಳೆ, ಉಸಿರು ಬಿಗಿಹಿಡಿದು. ಎರಡೂ ಹಕ್ಕಿ ಕೈಗೆ ಬಂದವು. ಮುಂದಿನದನ್ನು ಹಿಂದಕ್ಕೆ ಹಾಕಿದೆ, ಹಿಂದಿನದನ್ನು ಮುಂದಕ್ಕೆ. ಅಷ್ಟೇ ಮಾಡಿದ್ದು. ಕೊಕ್ಕು ಕಂಬ ಬಿಟ್ಟು ಆಚೆ ತಿರುಗಿತು. ಕಚ್ಚಾ ಹೊಲಿಗೆ ಹಾಕಿ, ಅದರ ಮೇಲೆ ಮೆಷಿನ್ನು ಹೊಡೆದೆ. ಊಟ ಮುಗಿಸಿ ಬಂದವರು, ಇನ್ನೂ ಅಂಚು ಸರಿಮಾಡುತ್ತಿದ್ದಾಳೆ ಅಂದುಕೊಂಡರು. ನಾಲ್ಕು ಗಂಟೆಗೆ ಮಡಿಸಿ ಮೇಸ್ತ್ರಿಗೆ ಕೊಟ್ಟೆ. ಬೆಳಿಗ್ಗೆ ದೊಡ್ಡವರೇ ನೋಡಿ ಹೋಗಿದ್ದರಲ್ಲ, ಅವನು ಬಿಚ್ಚಿ ನೋಡದೆ ರುಜು ಹಾಕಿದ.

ಏನಾಗಬೇಕು ಅಂತ ಇತ್ತು ನನಗೆ? ನಿನಗೆ ಅವಮಾನವಾಗಬೇಕು ಅಂತ. ಇಡೀ ದೇಶದ ಎದುರು, ವೇದಿಕೆಯ ಮೇಲೆ, ಆ ಬೂದು ಕೋಟಿನಲ್ಲಿ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮಾರನೆಯ ದಿನ ಜನಸಾಗರ. ಅಪ್ಪನನ್ನು ಕರೆದುಕೊಂಡು ನಾನೂ ಹೋಗಿದ್ದೆ. ಹಗ್ಗ ಎಳೆದರು, ಗಾಳಿಗೆ ಬಾವುಟ ಬಿಚ್ಚಿಕೊಂಡಿತು. ಜನರೆಲ್ಲ ಮೇಲೆ ನೋಡುತ್ತಿದ್ದರು, ನಾನು ನಿನ್ನ ಮುಖ ನೋಡುತ್ತಿದ್ದೆ. ಬಿಳುಚಿಕೊಳ್ಳುತ್ತದೆ ಅಂತ ಕಾದೆ. ನೀನು ಮೇಲೆ ನೋಡಿದೆ, ಸ್ವಲ್ಪ ಹೊತ್ತು ಹಾಗೇ ನಿಂತೆ, ಆಮೇಲೆ ಎಲ್ಲರ ಹಾಗೆ ಚಪ್ಪಾಳೆ ತಟ್ಟಿದೆ. ಕಾರ್ಯದರ್ಶಿ ಮಾತ್ರ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳುತ್ತಿದ್ದ.

ಮೂರನೇ ದಿನ ಕಾರ್ಖಾನೆಗೆ ಪೊಲೀಸರಿಬ್ಬರು ಬಂದು ಹೊಲಿದವರ ಹೆಸರು, ವಿಳಾಸ ಬರೆದುಕೊಂಡು ಹೋದರು. ರಾಷ್ಟ್ರಧ್ವಜ ಕೆಡಿಸಿದರೆ ಜೈಲು ಅಂತ ಆಗಷ್ಟೇ ಕಾನೂನು ಆಗಿತ್ತು. ನನ್ನ ಮಗಳಿಗೆ ಒಂದೂವರೆ ವರ್ಷ. ನಿನ್ನ ಭಾವನಿಗೂ ಹೇಳಲಿಲ್ಲ. ಎರಡು ದಿನ ಮೆಷಿನ್ನಿನ ಮುಂದೆ ಕೂತು ಬಾಗಿಲನ್ನೇ ನೋಡಿದೆ. ಅವರು ಮತ್ತೆ ಬರಲಿಲ್ಲ. ಅದರ ಬದಲು ಪತ್ರಿಕೆಯಲ್ಲಿ ನಿನ್ನ ಹೇಳಿಕೆ ಬಂತು. ಹಕ್ಕಿಯನ್ನು ತಿರುಗಿಸಿದ್ದು ನಾನೇ, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದೆ; ಕಂಬದ ಕಡೆ ನೋಡುವ ಹಕ್ಕಿ ಗೂಡಿಗೆ ವಾಪಸು ಬರುತ್ತಿದೆ, ಬಿಡುಗಡೆಯಾದ ಹಕ್ಕಿ ಆಕಾಶದ ಕಡೆ ಹಾರಬೇಕು.

ಆ ಮಾತು ಜನರ ಬಾಯಿಗೆ ಹೇಗೆ ಹತ್ತಿತು ಅಂತ ನಿನಗೇ ಗೊತ್ತು. ಮೊದಲು ಗೊಣಗಿದವರೇ ಆಮೇಲೆ ಅದನ್ನು ಭಾಷಣದಲ್ಲಿ ಹೇಳಿದರು. ಹಕ್ಕಿ ಕಂಬಕ್ಕೆ ಬೆನ್ನು ಮಾಡಿಯೇ ಇರಬೇಕು ಅಂತ ಶಾಸನಸಭೆಯಲ್ಲಿ ಕಾನೂನು ಮಾಡಿದರು. ಮೂರನೇ ತರಗತಿಯ ಪುಸ್ತಕದಲ್ಲಿ ಪಾಠವಾಯಿತು. ನನ್ನ ಮಗಳು ನನ್ನ ಮೆಷಿನ್ನಿನ ಪಕ್ಕದಲ್ಲೇ ನಿಂತು, ನಮ್ಮ ಚಿಕ್ಕಮ್ಮ ಹಕ್ಕಿಯನ್ನು ಬಿಡುಗಡೆ ಮಾಡಿದರು ಅಂತ ಬಾಯಿಪಾಠ ಒಪ್ಪಿಸಿದಳು. ಅಪ್ಪ ಹಾಸಿಗೆ ಹಿಡಿದಾಗ ನೀರು ಕುಡಿಸುತ್ತಿದ್ದೆ. ಗೋಡೆಯ ಕ್ಯಾಲೆಂಡರಿನ ಬಾವುಟ ನೋಡಿ ಅವರು, "ನಮ್ಮ ಪೆನ್ಸಿಲ್ಲು ಎಂಥಾ ಬುದ್ಧಿವಂತೆ ನೋಡು. ಹಕ್ಕೀನೇ ತಿರುಗಿಸಿಬಿಟ್ಟಳು," ಅಂದರು. ಲೋಟ ನನ್ನ ಕೈಯಲ್ಲೇ ಇತ್ತು.

ಅದನ್ನು ಯೋಚಿಸು ತಂಗೀ. ಅಪ್ಪ ಹೊಗಳಿದ್ದು ನನ್ನ ಕೈಕೆಲಸವನ್ನು, ಹೆಸರು ನಿನ್ನದು. ನಾನು ಮಾಡಿದ ಕೇಡು ಕೂಡ ನಿನ್ನ ಮನೆಗೇ ಕೀರ್ತಿಯಾಗಿ ಹೋಯಿತು. ನಾನು ನಿವೃತ್ತಿಯಾಗುವವರೆಗೆ ಎಷ್ಟು ಸಾವಿರ ಬಾವುಟ ಹೊಲಿದೆನೋ, ಒಂದೊಂದು ಹಕ್ಕಿಯನ್ನೂ ನಾನು ತಿರುಗಿಸಿದ ಕಡೆಗೇ ಕೂರಿಸಿದೆ. ನಿನ್ನ ಜಾಣತನಕ್ಕೆ ನಾನು ಕೂಲಿಯವಳಾದೆ ಅಂತ ಒಳಗೇ ಕುದಿದೆ. ನಿನ್ನ ಮಾನ ಉಳಿಸಿಕೊಳ್ಳಲು ನೀನು ಆ ಸುಳ್ಳು ಹೇಳಿದೆ, ಎಷ್ಟು ಚಾಲಾಕು, ಎಷ್ಟು ಬೇಗ ಹೊಳೆಯಿತು ಅಂತ ಅಂದುಕೊಂಡಿದ್ದೆ. ಮೊನ್ನೆ ಬುಧವಾರದವರೆಗೂ.

ಮ್ಯೂಸಿಯಮ್ಮಿನವಳು ಎರಡನೇ ಲೋಟ ಚಹಾ ಕುಡಿಯುತ್ತಾ ಇನ್ನೊಂದು ಕಾಗದ ತೆಗೆದಳು. ಸಮಿತಿಯ ಹಳೇ ಕಡತದಿಂದ ಪ್ರತಿ ಮಾಡಿಕೊಂಡು ಬಂದದ್ದು. ಹೊಲಿದವಳ ಮೇಲೆ ಮೊಕದ್ದಮೆ ಹೂಡಬೇಕು ಅಂತ ಕಾರ್ಯದರ್ಶಿ ಬರೆದ ಟಿಪ್ಪಣಿ. ಅದರ ಕೆಳಗೆ ನಿನ್ನ ಕೈಬರಹ. ನನಗೆ ಕನ್ನಡಕ ಹಾಕಿಕೊಳ್ಳುವಷ್ಟೂ ತಾಳ್ಮೆ ಇರಲಿಲ್ಲ, ಅವಳೇ ಓದಿದಳು. "ಹಕ್ಕಿಯನ್ನು ತಿರುಗಿಸಲು ಹೇಳಿದವಳು ನಾನು. ಹೊಲಿದವರು ನನ್ನ ಸ್ವಂತ ಅಕ್ಕ. ನಾನು ಹೇಳಿದ್ದನ್ನು ಮಾತ್ರ ಮಾಡಿದ್ದಾರೆ. ಶಿಕ್ಷೆ ಇದ್ದರೆ ನನಗಿರಲಿ."

ನನ್ನ ಸ್ವಂತ ಅಕ್ಕ. ಮೂರು ದಿನ ತಡವಾಗಿ, ಸರ್ಕಾರಿ ಕಾಗದದ ಮೇಲೆ ಬರೆದೆ.

ಅವಳ ಎದುರು ಅಳಬಾರದು ಅಂತ ಒಲೆಯ ಹತ್ತಿರ ಹೋಗಿ ನಿಂತೆ. ಇಲ್ಲಿ ನಾನು, ನನ್ನ ಕಣ್ಣು ತೆರೆಯಿತು, ಮನಸ್ಸು ತಿಳಿಯಾಯಿತು ಅಂತ ಬರೆದರೆ ನಿನಗೆ ಹಿತವಾಗುತ್ತದೆ. ಹಾಗೇನೂ ಆಗಲಿಲ್ಲ. ಮೊದಲು ಅಳು ಬಂತು, ಅದರ ಬೆನ್ನಿಗೇ ಹಳೇ ಉರಿಯೂ ಬಂತು. ಚಿತ್ರದಲ್ಲಿ ನೀನು ಮುಂದೆ, ಹೆಸರಿನಲ್ಲಿ ನೀನು ಮುಂದೆ, ಸರಿ. ಒಳ್ಳೆಯತನದಲ್ಲಿ ಕೂಡ ನೀನೇ ಮುಂದೆ ಇರಬೇಕಿತ್ತಾ? ನನ್ನನ್ನು ಜೈಲಿನಿಂದ ಉಳಿಸಿ ನಲವತ್ತೊಂದು ವರ್ಷ ಬಾಯಿ ಮುಚ್ಚಿಕೊಂಡೆ. ನಾನು ಅಷ್ಟೂ ವರ್ಷ ನಿನ್ನನ್ನು ದ್ವೇಷಿಸಿದೆ. ಪ್ರೀತಿಸುತ್ತಲೂ ಇದ್ದೆ, ಅದು ಬೇರೆ. ಈಗ ದ್ವೇಷಿಸಲು ಕೈಯಲ್ಲಿ ಏನೂ ಉಳಿದಿಲ್ಲ. ಅದಕ್ಕೂ ನಿನ್ನ ಮೇಲೇ ಸಿಟ್ಟು ಬರುತ್ತದೆ.

ಸೋಮವಾರ ಅವಳು ಮತ್ತೆ ಬರುತ್ತಾಳೆ. ಗಾಜಿನ ಪಕ್ಕದಲ್ಲಿ ಇಡುವ ಕಾರ್ಡಿನಲ್ಲಿ ಏನು ಬರೆಯಬೇಕು ಅಂತ ನನ್ನನ್ನು ಕೇಳುತ್ತಾಳೆ. ಕಲಾವಿದೆ ಮನಸ್ಸು ಬದಲಾಯಿಸಿದರು ಅಂತ ಈಗಾಗಲೇ ಬರೆದಿಟ್ಟಿದ್ದಾಳೆ. ಹೌದು ಅಂದುಬಿಟ್ಟರೆ ಮುಗಿಯಿತು, ನೀನು ನೆಮ್ಮದಿಯಾಗಿ ಹಾರ ಹಾಕಿಸಿಕೊಳ್ಳಬಹುದು. ಇಲ್ಲ ಅಂದರೆ ನಿನ್ನ ಆ ದೊಡ್ಡ ಮಾತು, ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದು, ಅಕ್ಕನನ್ನು ಉಳಿಸಲು ಕಟ್ಟಿದ ಸುಳ್ಳು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಸನ್ಮಾನದ ದಿನವೇ ಪತ್ರಿಕೆಯವರು ನಿನ್ನನ್ನು ಮುತ್ತಿಕೊಳ್ಳುತ್ತಾರೆ.

ಏನು ಹೇಳಲಿ, ನೀನೇ ತಿಳಿಸು. ಈ ಕಾಗದ ತಲುಪಿದ ತಕ್ಷಣ ಫೋನ್ ಮಾಡು. ನಿನ್ನ ಮಾತಿನ ಹಾಗೇ ಮಾಡುತ್ತೇನೆ.

ಮಾತ್ರೆ ಹೊತ್ತಿಗೆ ಸರಿಯಾಗಿ ತೆಗೆದುಕೋ.

ನಿನ್ನ ಸ್ವಂತ
ಅಕ್ಕ

ತಾ.ಕ.: ಇವತ್ತು ಸೋಮವಾರ, ಮಧ್ಯಾಹ್ನ. ಶುಕ್ರವಾರ ಇದನ್ನು ಅಂಚೆಗೆ ಹಾಕಲಿಲ್ಲ. ಶನಿವಾರವೂ ಹಾಕಲಿಲ್ಲ. ಇಲ್ಲೇ ಮೇಜಿನ ಮೇಲೆ ಇತ್ತು. ಬೆಳಿಗ್ಗೆ ಅವಳು ಬಂದಾಗ ಏನೂ ಹೇಳದೆ ಇದನ್ನೇ ಓದಲು ಕೊಟ್ಟೆ. ಓದಿ ಮುಗಿಸಿದಳು. ಆಮೇಲೆ ಕಾರ್ಡು ಇಬ್ಬರೂ ಕೂತು ಬರೆದೆವು: ಹಕ್ಕಿಯನ್ನು ಬಿಡಿಸಿದವಳು ತಂಗಿ, ತಿರುಗಿಸಿದವಳು ಅಕ್ಕ, ಹೊಟ್ಟೆಕಿಚ್ಚಿನಿಂದ, ಅಕ್ಕನನ್ನು ಉಳಿಸಲು ತಂಗಿ ಅದನ್ನು ತನ್ನ ಮೇಲೆ ಹಾಕಿಕೊಂಡಳು. ಹೊಟ್ಟೆಕಿಚ್ಚು ಅನ್ನುವ ಪದ ಬೇಡ ಅಂತ ಅವಳು ಹಠ ಹಿಡಿದಳು. ಅದು ಇರದಿದ್ದರೆ ನನ್ನ ಹೆಸರೂ ಬೇಡ ಅಂದೆ. ಇಟ್ಟಳು. ಈಗಷ್ಟೇ ಹೋದಳು, ಕಾರ್ಡು ಅಚ್ಚಿಗೆ ಹೋಗುತ್ತದೆ. ನಿನ್ನನ್ನು ಕೇಳಿದ್ದರೆ ನೀನು ಖಂಡಿತ ಹೂಂ ಅನ್ನುತ್ತಿದ್ದೆ, ಆಗ ಇದೂ ನಿನ್ನ ದೊಡ್ಡತನವೇ ಆಗುತ್ತಿತ್ತು. ಅದಕ್ಕೇ ಕೇಳಲಿಲ್ಲ.